ಮುಖ ಮಸುಕಾದ ಮಕ್ಕಳು

“ಇನ್ನೊಮ್ಮಿ ಹಚ್ರಿ, ಬಾಯಾರ,” ಎಂದ ಸಿದ್ದಲಿಂಗಪ್ಪ.

ಹಚ್ಚಿದೆ. ಬೆಳಗಿನಿಂದ ಅವನ ಮನೆಯ ಪಡಸಾಲೆಯಲ್ಲಿ ಕುಳಿತು ನನ್ನ ಫೋನಿನಲ್ಲಿ ಅದೇ ದರಿದ್ರ ಸಿನಿಮಾ ನೋಡುತ್ತಿದ್ದೆವು. ಹೆಸರು ‘ಕತ್ತಲೆಯಿಂದ’. ಎಲ್ಲಿಗೆ ಎಂದು ಹೇಳುವ ಕಷ್ಟವನ್ನು ಯಾರೂ ತೆಗೆದುಕೊಂಡಿರಲಿಲ್ಲ. ಬೆಳಕು ಯಾರೆಂಬುದು ಕೊನೆಗೆ ತಿಳಿಯುತ್ತದೆ. ಅರಳಿಕಟ್ಟಿ ಪ್ರತಿಷ್ಠಾನದ ಅಧ್ಯಕ್ಷ ಪ್ರಸಾದ ಅರಳಿಕಟ್ಟಿ ಬಿಳಿ ಜುಬ್ಬಾ ತೊಟ್ಟು, ಒಂದು ಮಗುವಿನ ತಲೆಯ ಮೇಲೆ ಕೈಯಿಟ್ಟು, ಕ್ಯಾಮೆರಾದ ಕಡೆಗೆ ನೋಡುತ್ತಾರೆ. ಮಗುವಿನ ಕಡೆಗಲ್ಲ.

ಈ ಸಿನಿಮಾದ ದೆಸೆಯಿಂದ ನೀರಲಕೊಪ್ಪದ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ ದಾಕ್ಷಾಯಿಣಿ ಅಮಾನತಾಗಿದ್ದಳು. ಸೋಮವಾರ ಶಾಲೆಯೇ ಅರಳಿಕಟ್ಟಿಯವರ ಕೈಸೇರಲಿತ್ತು. ಅದನ್ನು ತಡೆಯಲೆಂದು ಶಾಲಾ ಸಮಿತಿಯ ಅಧ್ಯಕ್ಷ ಸಿದ್ದಲಿಂಗಪ್ಪ ಈ ಮಾರ್ಥಾಳನ್ನು ಕರೆಸಿದ್ದ. ಪೊಲೀಸ್ ನೌಕರಿ ಮುಗಿಸಿ ಧಾರವಾಡದಲ್ಲಿ ಖಾಸಗಿ ಪತ್ತೇದಾರಿಕೆ ಮಾಡುವವಳು ನಾನು. ಸುಳ್ಳರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗದು, ಜುಬ್ಬಾ ಹಾಕಿದ ಸುಳ್ಳರನ್ನು ಕಂಡರಂತೂ ಮೈ ಉರಿಯುತ್ತದೆ.

ಸಿನಿಮಾದಲ್ಲಿ ಐದನೆಯ ಇಯತ್ತೆಯ ಮಕ್ಕಳು ಸಾಲಾಗಿ ಕುಳಿತಿದ್ದಾರೆ. ಹಿಂದಿನ ಗೋಡೆಯ ಮೇಲೆ ನೀರಲಕೊಪ್ಪ ಶಾಲೆಯ ಹೆಸರು. ಒಬ್ಬ ಹುಡುಗಿ ಎದ್ದು, ಪುಸ್ತಕದ ಮೇಲೆ ಬೆರಳಿಟ್ಟು, ಒಂದು ಸಾಲು ಓದಲು ಹೆಣಗುತ್ತಾಳೆ. ಅಕ್ಷರ ಬಾಯಿಗೆ ಬರುವುದಿಲ್ಲ. ಆಕೆ ನಿಲ್ಲಿಸಿದಾಗಲೆಲ್ಲ ಒಂದು ಕೊಳಲು ಗೋಳಾಡುತ್ತದೆ. ‘ಯಾವ ಮುನ್ಸೂಚನೆಯೂ ಇಲ್ಲದೆ, ಶಾಲೆ ನಡೆಯುತ್ತಿದ್ದಾಗ ತೆಗೆದದ್ದು’ ಎಂಬ ಸಾಲು ಕೆಳಗೆ ಮೂಡುತ್ತದೆ.

ಹುಬ್ಬಳ್ಳಿಯ ಹೋಟೆಲೊಂದರ ತಣ್ಣನೆಯ ಹಾಲ್‌ನಲ್ಲಿ ಇದನ್ನು ಹಾಕಿದಾಗ ಅಧಿಕಾರಿಗಳು ಗೋಡಂಬಿ ತಿನ್ನುತ್ತ ಕಣ್ಣೊರೆಸಿಕೊಂಡರಂತೆ. ಮರುವಾರವೇ ದಾಕ್ಷಾಯಿಣಿಯ ಕೈಗೆ ಅಮಾನತಿನ ಆದೇಶ ಬಂತು.

ಊರವರು ಇವು ನಮ್ಮ ಮಕ್ಕಳಲ್ಲ ಎಂದರು. ಪ್ರತಿಷ್ಠಾನದವರು ನಿಮಗೆ ಹೇಗೆ ಗೊತ್ತು ಎಂದರು. ಏಕೆಂದರೆ ಮಕ್ಕಳ ಮುಖವನ್ನೆಲ್ಲ ಮಸುಕು ಮಾಡಿದ್ದರು, ‘ಮಕ್ಕಳ ಘನತೆ ಕಾಪಾಡಲು’. ಇಡೀ ಸಿನಿಮಾದಲ್ಲಿ ಸ್ಪಷ್ಟವಾಗಿ ಕಾಣುವ ಮುಖ ಒಂದೇ, ಅದು ಪ್ರಸಾದರದು.

“ಇಲ್ಲೇ, ಇಲ್ಲೇ. ಕೊಳಲ ನಿಂತ್ ಕೂಡ್ಲೇ ಕೇಳ್ರಿ,” ಎಂದು ಸಿದ್ದಲಿಂಗಪ್ಪ ಫೋನಿಗೆ ಕಿವಿ ಹಚ್ಚಿದ.

ಕಿಟಕಿಯಾಚೆ ಎಲ್ಲೋ ದೂರದಲ್ಲಿ ಒಬ್ಬ ಗಂಡಸು ರಾಗವಾಗಿ ಕೂಗುತ್ತಿದ್ದ. ಒಂದೇ ಉಸಿರಿನ ಕೂಗು, ಮತ್ತೆ ಕೊಳಲು ಎದ್ದು ಅದನ್ನು ಮುಚ್ಚಿಬಿಟ್ಟಿತು.

ಸಿದ್ದಲಿಂಗಪ್ಪ ನೆಟ್ಟಗೆ ಕುಳಿತ. “ಬಾಯಾರ, ಅದು ನಾನ.”

“ಅಂದ್ರ?”

“ನನ್ನ ದನೀರಿ ಅದು. ಎಳ್ಳಮವಾಸಿ ದಿನಾ ಚರಗಾ ಚೆಲ್ಲೂ ಮುಂದ ಒದರಿದ್ದು. ಸಾಲಿ ಗ್ವಾಡಿಗೆ ಹತ್ತೇ ಐತಲ್ಲ ನಮ್ಮ ಹೊಲಾ. ನಾವು ಆ ತುದ್ಯಾಗ ಇದ್ವಿ, ಸಾಲಿ ಕಡೆ ಯಾರೂ ಹಾಯಲಿಲ್ಲ.”

ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಚನ್ನಬಸವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. “ನಿಮ್ಮ ದನಿ ನಿಮಗ ಗುರ್ತ ಹತ್ತಾಕ ಇಷ್ಟ ಹೊತ್ತ ಬೇಕಾತೇನ? ನಾ ಆಗಿಂದ ಯಾವ್ದೋ ಎಮ್ಮಿ ಒದರಾಕತ್ತೈತಿ ಅಂತ ತಿಳ್ಕೊಂಡಿದ್ದೆ.”

ನನಗೆ ನಗು ಬರಲಿಲ್ಲ. ಮೈಯಲ್ಲಿ ಹಳೆಯ ಪೊಲೀಸಿನ ಬಿಸಿ ಏರಿತು.

ನಾವು ಚರ್ಚಿನವರು. ಆದರೂ ಎಳ್ಳಮವಾಸೆಯ ಕಡುಬು ತಿನ್ನದ ಮಿಶನ್ ಕಂಪೌಂಡಿನ ಮನೆ ಧಾರವಾಡದಲ್ಲಿ ಇದ್ದರೆ ತೋರಿಸಿ. ಆ ದಿನ ಹಳ್ಳಿಗೆ ಹಳ್ಳಿಯೇ ಚಕ್ಕಡಿ ಹೂಡಿಕೊಂಡು ಹೊಲಕ್ಕೆ ಹೋಗುತ್ತದೆ. ಭೂತಾಯಿಗೆ ಪೂಜೆ ಮಾಡಿ, ಎಡೆಯನ್ನು ಬೆಳೆಯ ಸುತ್ತ ಚೆಲ್ಲುತ್ತ ಕೂಗುತ್ತಾರೆ. ಅದೇ ಚರಗ. ಆಮೇಲೆ ಬೆಳೆಯ ನಡುವೆಯೇ ಊಟ. ನಡೆಯಲಾರದ ಮುದುಕಿಯನ್ನೂ ಎತ್ತಿಕೊಂಡು ಹೋಗುವ ದಿನ ಅದು. ಶಾಲೆಯಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ.

“ಸಾಲಿಗೆ ಸೂಟಿ ಇತ್ತಲ್ಲ?”

“ಇತ್ರಿ. ಪ್ರತಿ ವರ್ಷ ಅಕ್ಕೋರ ಕೊಡ್ತಾರ, ಸ್ಥಳೀಕ ರಜಾ ಅಂತ.”

ಹಾಗಾದರೆ ಸೂಟಿಯ ದಿನ, ಮುಚ್ಚಿದ ಶಾಲೆಯಲ್ಲಿ, ಸಮವಸ್ತ್ರ ಹಾಕಿಕೊಂಡು ಕುಳಿತಿದ್ದ ಈ ಮಕ್ಕಳು ಯಾರವರು?

ಯಾರೂ ನೋಡಬಾರದೆಂದು ಪ್ರತಿಷ್ಠಾನದವರು ಶಾಲೆ ಖಾಲಿಯಿರುವ ದಿನ ಹುಡುಕಿದ್ದರು. ಏಕೆ ಖಾಲಿ ಎಂದು ಕೇಳುವಷ್ಟು ಆಸ್ಥೆ ಇರಲಿಲ್ಲ. ಹಳ್ಳಿಯನ್ನು ಉದ್ಧಾರ ಮಾಡಲು ಬಂದವರಿಗೆ ಹಳ್ಳಿಯವರು ಆ ದಿನ ಎಲ್ಲಿ ಕುಳಿತು ಉಣ್ಣುತ್ತಾರೆಂಬುದೇ ಗೊತ್ತಿಲ್ಲ. ಥೂ, ಇವರ ಉದ್ಧಾರಕ್ಕೆ.

ಸಿನಿಮಾವನ್ನು ಮತ್ತೆ ಹಾಕಿ, ಈ ಸಲ ಕಿವಿ ಮುಚ್ಚಿ ಕಣ್ಣಿನಿಂದ ನೋಡಿದೆ. ಎರಡು ಸಂಗತಿ ಸಿಕ್ಕವು.

ಮಕ್ಕಳ ಅಂಗಿಯ ಮೇಲೆ ಮಡಿಕೆಯ ಗೆರೆಗಳು ಎದ್ದು ಕಾಣುತ್ತಿದ್ದವು. ಜೂನಿನಲ್ಲಿ ಕೊಟ್ಟ ಸಮವಸ್ತ್ರ ಚಳಿಗಾಲದ ಹೊತ್ತಿಗೆ ಬಣ್ಣಗೆಟ್ಟು, ಗುಂಡಿ ಹಾರಿ, ತೋಳು ಬಿಚ್ಚಿರುತ್ತದೆ. ಇವು ಆ ದಿನವೇ ಪೊಟ್ಟಣದಿಂದ ತೆಗೆದವು.

ಇನ್ನೊಂದು, ಮುಖ ಮಸುಕು ಮಾಡಿದ ಜಾಣರು ಕೈಗಳನ್ನು ಮರೆತಿದ್ದರು. ಪುಸ್ತಕದ ಮೇಲೆ ಓಡುತ್ತಿದ್ದ ಆ ಹುಡುಗಿಯ ಮುಂಗೈಯಲ್ಲಿ ಹಸಿರು ಹಚ್ಚೆಯಿತ್ತು. ನಡುವೆ ಒಂದು ಚುಕ್ಕೆ, ಸುತ್ತ ಚುಕ್ಕೆಗಳ ಉಂಗುರ.

“ನಿಮ್ಮೂರಾಗ ಇಷ್ಟ ಸಣ್ಣ ಹುಡುಗ್ಯಾರಿಗೆ ಹಚ್ಚಿ ಹಾಕಸ್ತಾರೇನು?”

“ನನ್ನ ಕೈಯಾಗನ ಇಲ್ಲ ನೋಡ್ರಿ,” ಎಂದು ಚನ್ನಬಸವ್ವ ಎರಡೂ ಮುಂಗೈ ಚಾಚಿದಳು.

* * *

ಹೊರಡುವಾಗ ಶಾಲೆಯ ಅಂಗಳ ಹೊಕ್ಕು ಬಂದೆ. ನೀರಿನ ನಳದ ಮೇಲೆ ‘ಅರಳಿಕಟ್ಟಿ ಪ್ರತಿಷ್ಠಾನದ ಕೊಡುಗೆ’. ಕೈತೊಳೆಯುವ ತೊಟ್ಟಿಯ ಮೇಲೂ ಅದೇ. ಪಾಯಖಾನೆಯ ಬಾಗಿಲ ಮೇಲೆ ಪ್ರಸಾದರ ನಗುವ ಫೋಟೋ ಸಮೇತ. ಮಕ್ಕಳು ಒಳಗೆ ಹೋಗುವಾಗ ಅವರನ್ನು ನೋಡಿಯೇ ಹೋಗಬೇಕು.

ನಳದಲ್ಲಿ ನೀರು ಬರುತ್ತಿರಲಿಲ್ಲ.

ಎರಡು ಖೋಲಿಗಳಿಗೆ ಬೀಗ ಹಾಕಿ ‘ಅಪಾಯ’ ಎಂದು ಬರೆದಿದ್ದರು. ಮಾಡಿನ ತೊಲೆ ಕೊಳೆತು ಹಂಚು ಜಾರಿದ್ದವು. ಮೂರು ಇಯತ್ತೆಯ ಮಕ್ಕಳು ಒಂದೇ ಖೋಲಿಯಲ್ಲಿ ಒತ್ತಿಕೊಂಡು ಕುಳಿತಿದ್ದರು. ದಾಕ್ಷಾಯಿಣಿ ಹೊಸ ಖೋಲಿಗಾಗಿ ವರ್ಷಗಟ್ಟಲೆ ಕಚೇರಿಗೆ ಅಲೆದಿದ್ದಳೆಂದು ಸಿದ್ದಲಿಂಗಪ್ಪ ಹೇಳಿದ. ಅಲ್ಲಿಯವರು ಪ್ರತಿ ಸಲವೂ ಒಂದೇ ಉತ್ತರ ಕೊಟ್ಟರಂತೆ, ಯಾರಾದರೂ ದಾನಿಗಳನ್ನು ಹಿಡಿಯಿರಿ ಎಂದು. ತೆರಿಗೆ ಎಣಿಸಿಕೊಳ್ಳುವ ಸರಕಾರ ಅಕ್ಕೋರನ್ನು ತಿರುಪೆಗೆ ಕಳಿಸಿತ್ತು.

ಒಳಗೆ ಒಬ್ಬ ಹುಡುಗಿಯನ್ನು ಎಬ್ಬಿಸಿ ಓದು ಎಂದೆ. ನಾನು ಸಾಕು ಎನ್ನುವವರೆಗೆ ನಿಲ್ಲಿಸದೆ ಓದಿದಳು.

* * *

ದಾಕ್ಷಾಯಿಣಿಯ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಬಾಗಿಲು ತೆಗೆದವಳು ನನ್ನನ್ನು ಕಂಡು ಹಿಗ್ಗಲಿಲ್ಲ. ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಳು, ತಲೆ ಎತ್ತಲಿಲ್ಲ.

“ಅಕ್ಕೋರ, ಗೆದ್ದಂಗ ಆತು. ಸಿನಿಮಾ ತಗದದ್ದು ಎಳ್ಳಮವಾಸಿ ದಿನಾ.”

ಅವಳ ಕೈ ನಿಂತಿತು. “ಯಾರ ಹೇಳಿದ್ರು?”

“ಸಿನಿಮಾನ ಹೇಳ್ತು. ನೀವು ನೋಡಿಲ್ಲೇನು?”

“ಇಲ್ರಿ. ನೋಡಂಗೂ ಇಲ್ಲ.”

“ಆ ದಿನ ಸಾಲಿ ಕೀಲಿ ಯಾರ ಹತ್ರ ಇತ್ತು?”

“ಒಂದು ನನ್ನ ಹತ್ರ, ಇನ್ನೊಂದು ಬಿಸಿಯೂಟದ ಅಡಿಗಿ ಮಾಡೂ ಬೀರವ್ವನ ಹತ್ರ. ಬೀರವ್ವ ಪಾಪ, ಏನೂ ಅರಿಯದಾಕಿ. ಆಕೀನ ಕೇಳಬ್ಯಾಡ್ರಿ.” ಮತ್ತೆ ಕಾಯಿಗೆ ಕೈಹಾಕಿ ಹೇಳಿದಳು, “ಬಿಟ್ಟ್ಬಿಡ್ರಿ, ಬಾಯಾರ. ನನ್ನ ನೌಕರಿ ಹ್ವಾದ್ರ ಹೋಗ್ಲಿ. ಹುಡುಗ್ರಿಗೆ ಖೋಲಿ ಆದ್ರೂ ಆಗ್ತಾವು.”

“ಖೋಲಿ ಆಗ್ತಾವು. ಸಾಲಿ ನಿಮ್ದಿರಂಗಿಲ್ಲ, ಊರಂದೂ ಇರಂಗಿಲ್ಲ. ಏನ್ ಕಲಿಸ್ಬೇಕು, ಯಾರ್ ಕಲಿಸ್ಬೇಕು, ಎಲ್ಲಾ ಆ ಹತ್ತಿ ವ್ಯಾಪಾರಿ ಹೇಳಿದಂಗ.”

ಅವಳು ಸುಲಿದ ಕಾಳನ್ನು ಸಿಪ್ಪೆಯೊಳಗೆ ಹಾಕುತ್ತಿದ್ದಳು, ಸಿಪ್ಪೆಯನ್ನು ಕಾಳಿನೊಳಗೆ.

ಹೆದರುಪುಕ್ಕಲಿ ಎಂದುಕೊಂಡೆ. ಹೊಡೆತ ತಿಂದೂ ತಿಂದೂ ಬೆನ್ನು ಬಾಗಿಸುವುದನ್ನೇ ಸಂಭಾವಿತತನ ಎಂದು ತಿಳಿಯುವ ಮಾಸ್ತರಿಕೆಯ ಜಾತಿ ಇದು. ನನಗೆ ಸಿಟ್ಟು ಬಂದು ಚಾ ಕುಡಿಯದೆ ಎದ್ದೆ.

* * *

ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಬಂದವಳು ಮೊದಲು ಹೋದದ್ದು ಊರ ಹೊರಗೆ ಹತ್ತಿ ಬಿಡಿಸುವ ಅರಳಿಕಟ್ಟಿ ಜಿನ್ನಿಂಗ್ ಫ್ಯಾಕ್ಟರಿಗೆ. ಓದು ಬಾರದ ಮಕ್ಕಳನ್ನು ಒಂದು ಗುಂಪಾಗಿ ತರಬೇಕಾದರೆ ಪ್ರಸಾದರು ದೂರ ಹುಡುಕಬೇಕಾಗಿಲ್ಲ ಎಂದು ನನ್ನ ಲೆಕ್ಕ.

ಫ್ಯಾಕ್ಟರಿಯ ಹಿಂದೆ ತಗಡಿನ ಜೋಪಡಿಗಳ ಸಾಲು. ಹತ್ತಿ ಸುಗ್ಗಿಗೆಂದು ಹೊರರಾಜ್ಯದಿಂದ ಬಂದ ಕೂಲಿಗಳು. ಅವರ ಮಕ್ಕಳು ಹತ್ತಿಯ ಧೂಳಿನಲ್ಲಿ ಆಡುತ್ತಿದ್ದರು. ಯಾವ ಶಾಲೆಯ ಮುಖವನ್ನೂ ಕಂಡವರಲ್ಲ. ಜಿಲ್ಲೆಯ ಶಾಲೆಗಳನ್ನೆಲ್ಲ ಸುಧಾರಿಸಲು ಹೊರಟ ಮಹಾನುಭಾವನ ಹಿತ್ತಲಿದು.

ಆ ಹಚ್ಚೆಯ ಕೈ ಅಲ್ಲೇ ಸಿಕ್ಕಿತು. ಹುಡುಗಿ ತನ್ನ ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತಿದ್ದಳು. ಹರಕುಮುರುಕು ಹಿಂದಿಯಲ್ಲಿ ಮಾತಾಡಿಸಿದೆ. ಹೌದು, ಗಾಡಿಯಲ್ಲಿ ಕರೆದುಕೊಂಡು ಹೋಗಿದ್ದರು. ಬಿಸ್ಕತ್ತು ಕೊಟ್ಟರು. ಹೊಸ ಅಂಗಿ ಹಾಕಿಸಿದರು. ಸಂಜೆ ಒಬ್ಬ ಹೆಂಗಸು ಅಂಗಿಯನ್ನು ಬಿಚ್ಚಿಸಿಕೊಂಡು, ಮಡಿಸಿ, ಅದೇ ಖೋಲಿಯ ಕಪಾಟಿನಲ್ಲಿಟ್ಟಳು.

“ಆ ಅಂಗಿ ಮತ್ತೆ ಕೊಡುತ್ತೀರಾ?” ಎಂದು ಹುಡುಗಿ ನನ್ನನ್ನು ಕೇಳಿದಳು.

ಪ್ರತಿಷ್ಠಾನದ ಯಾವಳೋ ಹೆಂಗಸು ಇರಬೇಕು ಎಂದುಕೊಂಡೆ. ಉಟ್ಟ ಅಂಗಿಯನ್ನೂ ಬಿಚ್ಚಿಸಿಕೊಳ್ಳುವ ದಾನಶೂರರು. ನನ್ನ ಸಿಟ್ಟು ಎಷ್ಟಿತ್ತೆಂದರೆ ಕಪಾಟು ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಸಿದ್ದಲಿಂಗಪ್ಪನಿಗೆ ಫೋನು ಮಾಡಿದೆ. “ಮಂದಿ ಕೂಡಸ್ರಿ. ಸಾವಕಾರನ ಬಾಯಿಂದನ ಒಪ್ಪಿಸ್ತೇನಿ.”

* * *

ದೇಶಪಾಂಡೆ ನಗರದಲ್ಲಿ ಪ್ರತಿಷ್ಠಾನದ ಕಚೇರಿ. ಹೊರಗಿನ ಬೆಂಚಿನ ಮೇಲೆ ಶಿಕ್ಷಣ ಇಲಾಖೆಯ ಒಬ್ಬ ಅಧಿಕಾರಿ ಕಾಯುತ್ತ ಕುಳಿತಿದ್ದರು. ಮೊಣಕಾಲ ಮೇಲೆ ಫೈಲು, ಮುಖದ ಮೇಲೆ ವಿಧೇಯತೆ. ಸರಕಾರ ಹೊರಗೆ ಕುಳಿತಿತ್ತು, ನನ್ನನ್ನು ಮೊದಲು ಒಳಗೆ ಕರೆದರು.

ಗೋಡೆಯ ತುಂಬ ಫೋಟೋ. ಪ್ರಸಾದರು ಬೆಂಚು ಕೊಡುತ್ತಿರುವುದು, ಚೀಲ ಕೊಡುತ್ತಿರುವುದು, ಬಾಗಿಲಿನಷ್ಟು ದೊಡ್ಡ ರಟ್ಟಿನ ಚೆಕ್ಕು ಕೊಡುತ್ತಿರುವುದು, ಒಂದು ನಳದ ಮುಂದೆ ರಿಬ್ಬನ್ ಕತ್ತರಿಸುತ್ತಿರುವುದು.

“ಬರ್ರಿ ಬಾಯಾರ, ಕೂಡ್ರಿ. ಚಾ ತರಸ್ಲಿ?”

“ಬ್ಯಾಡ್ರಿ, ಸಾವಕಾರ್ರ. ಕಪ್ಪಿನ ಮ್ಯಾಲೂ ನಿಮ್ಮ ಹೆಸರ ಐತಿ.”

ಸಾವಕಾರ ಎಂದರೆ ಅವರಿಗೆ ಆಗದು, ಸರ್ ಎನ್ನಬೇಕು. ಆದರೂ ನಕ್ಕರು. ಪಕ್ಕದಲ್ಲಿ ನಿಂತಿದ್ದ ಶಶಿಕುಮಾರ ನಗಲಿಲ್ಲ. ಸಿನಿಮಾ ತೆಗೆಸಿದವನು ಅವನೇ. ಬದಲಾವಣೆ ಎಂಬ ಮಾತಿಲ್ಲದೆ ಒಂದು ವಾಕ್ಯ ಮುಗಿಸಲಾರದ ಮನುಷ್ಯ.

ನಾನು ಆ ಕೂಗು ಕೇಳಿಸಿದೆ. ಯಾರ ದನಿ, ಯಾವ ದಿನ ಎಂದು ಹೇಳಿದೆ. ಮಡಿಕೆಯ ಗೆರೆ ತೋರಿಸಿದೆ. ಹಚ್ಚೆ ತೋರಿಸಿದೆ. ಆ ಹುಡುಗಿ ನಿಮ್ಮದೇ ಫ್ಯಾಕ್ಟರಿಯ ಹಿಂದೆ ಇದ್ದಾಳೆ ಎಂದೆ.

ಶಶಿಕುಮಾರನ ಮುಖ ಬಿಳಿಚಿತು. ಪ್ರಸಾದರದು ಬಿಳಿಚಲಿಲ್ಲ.

“ಚರಗಾ,” ಎಂದರು ಮೆಲ್ಲಗೆ. “ನಮ್ಮ ಅಜ್ಜಾ ಚೆಲ್ತಿದ್ದ. ನನಗ ಮರತ ಹೋಗಿತ್ತು, ನೋಡ್ರಿ.”

“ಮರೀತೈತಿ. ನಿಮಗ ಹೊಲಾ ಅಂದ್ರ ಬರೇ ಹತ್ತಿ ಬರೂ ಜಾಗಾ.”

“ಬಾಯಾರ, ಒಂದ್ ಮಾತ ಕೇಳ್ತೇನಿ. ಛಲೋ ನಡ್ಯಾಕತ್ತಿದ್ದ ಸಾಲಿಗೆ ಯಾರ ರೊಕ್ಕಾ ಕೊಡ್ತಾರ? ನಮಗೂ ಮ್ಯಾಲ ಕೊಡಾವ್ರು ಅದಾರ, ಮುಂಬೈದವ್ರು. ಹುಡುಗ್ರು ಫಡಫಡ ಓದೂದ್ ತೋರ್ಸಿದ್ರ ಅವ್ರು ಚಪ್ಪಾಳಿ ಹೊಡದು ಮನಿಗೆ ಹೊಕ್ಕಾರ. ಅವ್ರಿಗೆ ಅಳು ಬರ್ಬೇಕು.”

“ಅದಕ್ಕ ಸುಳ್ಳ ಹುಡುಗ್ರನ್ನ ಕೂಡ್ರಿಸಿದ್ರಿ.”

“ಖೋಲಿ ಖರೇ ಕಟ್ಟಸ್ತೇನಲ್ಲ?”

“ಖೋಲಿ ಕಟ್ಟಸಾಕ ಅಕ್ಕೋರ ಕುತ್ತಿಗಿ ಯಾಕ ಬೇಕಾತು?”

“ಹಳಬ್ರು ಇದ್ರ ಹೊಸಾದು ನಡ್ಯಂಗಿಲ್ರಿ. ಇಲ್ಲಿ ಯಶಸ್ವಿ ಆತು ಅಂದ್ರ ತಾಲೂಕಿನಾಗಿನ ಉಳದ ಸಾಲೀನೂ ನಮ್ಮ ಕೈಯಾಗ ಕೊಡಾಕ ತಯಾರ ಅದಾರ. ಹೊರಗ ಕುಂತಾರಲ್ಲ, ನೋಡಿದ್ರಿಲ್ಲ?”

ನಾಚಿಕೆ ಎಂಬುದು ಆ ಮುಖದ ಹತ್ತಿರ ಸುಳಿದಿರಲಿಲ್ಲ. ಮಕ್ಕಳನ್ನು ಹೆಡ್ಡರೆಂದು ತೋರಿಸಿ, ಅಕ್ಕೋರನ್ನು ಬೀದಿಗೆ ತಳ್ಳಿ, ಊರಿನ ಶಾಲೆಯನ್ನು ಹೊಡೆದುಕೊಂಡು, ಮೇಲೆ ಹಾರ ಹಾಕಿಸಿಕೊಳ್ಳುವ ಮನುಷ್ಯ. ಜೇಬುಗಳ್ಳರನ್ನು ಹಿಡಿದಿದ್ದೇನೆ, ಮನೆ ಮುರಿಯುವವರನ್ನು ಹಿಡಿದಿದ್ದೇನೆ. ಅವರು ಕದ್ದದ್ದನ್ನು ಸೇವೆ ಎನ್ನುತ್ತಿರಲಿಲ್ಲ.

“ಇವತ್ತ ಸಂಜಿಕ ಊರಿಗೆಲ್ಲ ಗೊತ್ತಾಗತೈತಿ, ಸಾವಕಾರ್ರ.”

“ಹೇಳ್ರಿ, ಯಾರ ಬ್ಯಾಡ ಅಂತಾರ?” ಪ್ರಸಾದರು ಟೇಬಲ್ಲಿನ ಮೇಲಿನ ರಿಮೋಟು ಎತ್ತಿಕೊಂಡರು. “ಆದ್ರ ಮೊದ್ಲ ಕೊಳಲಿಲ್ಲದ್ದನ್ನ ನೋಡಿ ಹೋಗ್ರಿ. ಶಶಿ, ಹಚ್ಚಪಾ.”

ಗೋಡೆಯ ದೊಡ್ಡ ಟಿವಿಯಲ್ಲಿ ಅದೇ ಖೋಲಿ, ಅದೇ ಮಕ್ಕಳು. ಮುಖಗಳು ಮಸುಕಿರಲಿಲ್ಲ. ಸಂಗೀತವಿರಲಿಲ್ಲ. ಹಚ್ಚೆಯ ಹುಡುಗಿ ಎದ್ದು ನಿಂತು ತಡವರಿಸಿ ನಿಲ್ಲಿಸಿದಳು. ಕೊಳಲು ಏಳಬೇಕಾದ ಜಾಗದಲ್ಲಿ ಒಂದು ಹೆಣ್ಣು ದನಿ ಎದ್ದಿತು.

“ಹೆದರಬ್ಯಾಡವ್ವಾ. ತಪ್ಪಿದ್ರ ತಪ್ಲಿ. ನೀ ತಪ್ಪಿದಷ್ಟೂ ನಮ್ಮ ಹುಡುಗ್ರಿಗೆ ಲಗೂ ಖೋಲಿ ಬರ್ತಾವು.”

ಬೆಳಿಗ್ಗೆ ಸಿದ್ದಲಿಂಗಪ್ಪನಿಗೆ ಅವನ ದನಿ ಗುರುತು ಹತ್ತಲು ಬಹಳ ಹೊತ್ತು ಹಿಡಿದಿತ್ತು. ನನಗೆ ಈ ದನಿ ಗುರುತು ಹತ್ತಲು ಒಂದು ಉಸಿರೂ ಹಿಡಿಯಲಿಲ್ಲ. ಅವರೆಕಾಯಿಯ ಮೊರದ ಮುಂದೆ ಈಗಷ್ಟೇ ಕೇಳಿ ಬಂದಿದ್ದೆ.

ದಾಕ್ಷಾಯಿಣಿ ಚಿತ್ರದೊಳಕ್ಕೆ ನಡೆದು ಬಂದಳು. ಹುಡುಗಿಯ ಅಂಗಿಯ ಕಾಲರು ಸರಿಮಾಡಿದಳು. ಆಮೇಲೆ ಕ್ಯಾಮೆರಾದ ಪಕ್ಕದಲ್ಲಿ ಯಾರೋ ನಿಂತಿದ್ದ ಕಡೆಗೆ ತಿರುಗಿ ಏನೋ ಕೇಳಲು ಬಾಯಿ ತೆರೆದಳು.

ಪ್ರಸಾದರು ಅಲ್ಲಿಗೆ ನಿಲ್ಲಿಸಿ ರಿಮೋಟನ್ನು ಟೇಬಲ್ಲಿನ ಮೇಲಿಟ್ಟರು.

ಕೀಲಿ, ಕಪಾಟು, ಅಂಗಿ ಬಿಚ್ಚಿಸಿಕೊಂಡ ಹೆಂಗಸು, ಸೂಟಿ ಕೊಟ್ಟವಳು, ಎಲ್ಲ ಒಬ್ಬಳೇ. ಖೋಲಿಯ ಆಸೆಗೆ ತನ್ನ ಶಾಲೆಯ ಮುಖಕ್ಕೆ ತಾನೇ ಮಸಿ ಬಳಿದಿದ್ದಳು. ಅದೇ ಮಸಿಯಿಂದ ಇವರು ಅವಳ ಅಮಾನತಿನ ಆದೇಶ ಬರೆಸಿದರು. ನನಗೆ ಅವಳ ಮೇಲೆ ಸಿಟ್ಟು ಬಂತು.

“ಆಕೀನ ಕರದ್ಲು, ಆಕೀನ ತೋರ್ಸಿದ್ಲು. ನಮ್ಮ ಕ್ಯಾಮೆರಾದವ್ರು ನಂಬಿದ್ರು, ಅಷ್ಟ ಅಂತೇನಿ,” ಎಂದರು ಪ್ರಸಾದರು. “ಸಿನಿಮಾ ಸುಳ್ಳು ಅಂತ ನೀವು ಸಾರ್ರಿ. ಸುಳ್ಳು ಮಾಡಿದಾಕಿ ಯಾರು ಅಂತ ನಾ ಸಾರತೇನಿ. ಇವತ್ತ ಅಮಾನತು. ನಾಳೆ ನೌಕರಿನೂ ಇಲ್ಲ, ಪಿಂಚಣಿನೂ ಇಲ್ಲ. ಆಮ್ಯಾಲ ಪೊಲೀಸ್ರು. ಅದೆಲ್ಲ ನಿಮಗ ಗೊತ್ತಿದ್ದದ್ದ.”

ನನ್ನ ಫೋನು ಹೊಡೆದುಕೊಂಡಿತು. ಸಿದ್ದಲಿಂಗಪ್ಪ. ಎತ್ತಿದರೆ ಗದ್ದಲ, ಅದರ ಮೇಲೆ ಅವನ ಏದುಸಿರು.

“ಬಾಯಾರ, ಇಡೀ ಊರು ಸಾಲಿ ಮುಂದ ಕೂಡೇತಿ. ಅಕ್ಕೋರ್ನೂ ಧಾರವಾಡದಿಂದ ಕರಸೇವಿ. ಬರಾಕ ಒಲ್ಲೆ ಅಂತಿದ್ರು, ಬಿಡ್ಲಿಲ್ಲ, ಹಾರಾ ಹಾಕೇವಿ. ಈಗ ಫೋನ ಮೈಕಿನ ಮುಂದ ಹಿಡದೇನಿ. ಅದೇನ್ ಸಿಕ್ಕೈತಿ ನಿಮ್ಮ ಬಾಯಿಲೇನ ಹೇಳ್ರಿ.”

ಗದ್ದಲ ಅಡಗಿತು. ನೀರಲಕೊಪ್ಪ ಕಿವಿಗೊಟ್ಟು ನಿಂತಿತ್ತು. ಎದುರಿಗೆ ಪ್ರಸಾದರು ಕುರ್ಚಿಗೆ ಒರಗಿ, ಮಾತಾಡಿ ಎಂದು ಕೈಸನ್ನೆ ಮಾಡಿದರು.

ಹೇಳಿದರೆ ದಾಕ್ಷಾಯಿಣಿ ಹೋದಳು, ಹೇಳದಿದ್ದರೆ ಶಾಲೆ ಹೋಯಿತು.

“ಬಾಯಾರ? ಕೇಳಸಾಕತ್ತೈತೇನ್ರಿ?” ಎಂದ ಸಿದ್ದಲಿಂಗಪ್ಪ.

ಫೋನು ಒಂದು ಕೈಯಿಂದ ಇನ್ನೊಂದು ಕೈಗೆ ಹೋದ ಸದ್ದಾಯಿತು.

“ನೀವು ಸುಮ್ನಾದ್ರಿ ಅಂದ್ರ ಅದನ್ನ ನಿಮಗ ತೋರ್ಸ್ಯಾರ,” ಎಂದಳು ದಾಕ್ಷಾಯಿಣಿ. ದನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. ಮೈಕಿನಲ್ಲಿ ಊರಿಗೆಲ್ಲ ಕೇಳುತ್ತಿತ್ತು. “ಅದ್ರಾಗ ಇದ್ದಾಕಿ ನಾನ. ಖರೇ. ಆದ್ರ ನಾ ತಿರುಗಿ ಕ್ಯಾಮೆರಾ ಬಾಜೂಕ ನಿಂತಿದ್ದ ಸಾವಕಾರ್ರನ್ನ ಏನ್ ಕೇಳ್ದೆ, ಅವ್ರು ಏನ್ ಹೇಳಿದ್ರು, ಅದನ್ನ ಕಡೀತನಕಾ ತೋರ್ಸಿದ್ರೇನ್ರಿ, ಬಾಯಾರ?”

ಪ್ರಸಾದರ ಕೈ ಟೇಬಲ್ಲಿನ ಮೇಲಿದ್ದ ರಿಮೋಟಿನ ಕಡೆಗೆ ಹೊರಟಿತು. ನಾನು ಅದನ್ನು ಮೊದಲೇ ಎತ್ತಿಕೊಂಡಿದ್ದೆ.